ನಾವು ಏನೂ ಹೇಳಲಿಲ್ಲ, ಅದೇ ಹೇಳಿತು

ಈಗ ನಾನು ಫೋನಿನಲ್ಲಿ ಹಲೋ ಎಂದರೆ ಆ ಕಡೆಯವರು ಮೊದಲು ಕೇಳುವುದು, "ಎಂತ ಮಾಷ್ಟ್ರೇ, ಶೀತವಾ?" ಹೌದು, ಶೀತ ಎಂದೇ ಹೇಳಿಬಿಡುತ್ತೇನೆ. ಎಷ್ಟು ಜನರಿಗೆ ಅಂತ ಕಥೆ ಹೇಳುತ್ತ ಕೂರುವುದು? ಆದರೆ ಕೆಲವರು ಬೇರೆ ರೀತಿ ಕೇಳುತ್ತಾರೆ. ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ಬದಿಗೆ ಕರೆದು, ಆಚೀಚೆ ನೋಡಿ, "ನಮ್ಮ ಮನೆಯಲ್ಲೂ ಒಬ್ಬರಿಗೆ ಉಂಟು. ಅದೇ, ನಿಮಗೆ ಆದದ್ದು" ಎನ್ನುತ್ತಾರೆ. ಕಾಯಿಲೆಯ ಹೆಸರು ಎತ್ತುವುದಿಲ್ಲ. ಅವರಿಗೆ ಸುಳ್ಳು ಹೇಳಿ ಬಸ್ಸು ಹತ್ತಲು ನನಗೆ ಮನಸ್ಸು ಬರುವುದಿಲ್ಲ. ಇದನ್ನು ಬರೆಯುತ್ತಿರುವುದು ಅವರಿಗಾಗಿ. ಹೆಸರನ್ನು ನಾನೇ ಹೇಳಿಬಿಡುತ್ತೇನೆ: ನನಗೆ ಆದದ್ದು ಗಂಟಲಿನ ಕ್ಯಾನ್ಸರ್.

ಮಡಂತ್ಯಾರು ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಪಿ.ಟಿ. ಮಾಷ್ಟ್ರು. ಹೆಸರು ಸದಾಶಿವ. ಆದರೆ ಜನರಿಗೆ ನಾನು ಗೊತ್ತಿರುವುದು ಶಾಲೆಯಿಂದಲ್ಲ, ಕಬಡ್ಡಿಯಿಂದ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಎಲ್ಲಿ "ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ" ಎಂದು ಬ್ಯಾನರ್ ಬಿದ್ದರೂ ವೀಕ್ಷಕ ವಿವರಣೆಗೆ ಮೈಕ್ ಹಿಡಿಯುವವನು ನಾನೇ. ಅಹಂಕಾರ ಎಂದುಕೊಳ್ಳಿ, ನನಗೇನೂ ಬೇಜಾರಿಲ್ಲ. ರೈಡರ್ ಗೆರೆ ದಾಟುವ ಮೊದಲೇ ನನ್ನ ಸ್ವರ ದಾಟಿರುತ್ತಿತ್ತು. ಹೆಂಡತಿ ಶಶಿಕಲಾ ಮಾತ್ರ, "ಇದು ಮನೆ, ಮೈದಾನ ಅಲ್ಲ. ಸ್ವಲ್ಪ ಸಣ್ಣ ಮಾಡಿ" ಎನ್ನುತ್ತಿದ್ದಳು.

ಆ ವರ್ಷದ ಪಂದ್ಯಾಟಗಳು ಮುಗಿಯುವಾಗ ಸ್ವರ ಒಡೆಯಿತು. ಪ್ರತಿ ವರ್ಷವೂ ಒಡೆಯುತ್ತದೆ, ಮತ್ತೆ ಕೂಡುತ್ತದೆ. ಶುಂಠಿ ಕಷಾಯ, ಕಲ್ಲುಸಕ್ಕರೆ, ಜ್ಯೇಷ್ಠಮಧು ಎಲ್ಲ ಆಯಿತು. ಈ ಸಲ ಕೂಡಲಿಲ್ಲ. ಎಂಜಲು ನುಂಗಿದರೆ ಕಿವಿಯ ಒಳಗೆ ಚುಚ್ಚುತ್ತಿತ್ತು. ಶಶಿ ಬಲವಂತದಿಂದ ಬಿ.ಸಿ.ರೋಡಿನ ಗಂಟಲ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ಅವರು ಮೂಗಿನಿಂದ ಸಪೂರ ಕ್ಯಾಮೆರಾ ಇಳಿಸಿ ನೋಡಿದರು. ಬರುವಾಗ ನಗುತ್ತ ಮಾತಾಡಿಸಿದ್ದ ಮನುಷ್ಯ ಕ್ಯಾಮೆರಾ ತೆಗೆದ ಮೇಲೆ ನನ್ನನ್ನು ಬಿಟ್ಟು ಶಶಿಯ ಮುಖ ನೋಡಿ ಮಾತಾಡತೊಡಗಿದರು. ಆಗಲೇ ನನಗೆ ಗೊತ್ತಾಯಿತು.

ಮಾಂಸದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹೌದು ಎಂದು ಬಂತು. ಇನ್ನು ಮಂಗಳೂರಿನ ದೊಡ್ಡ ಆಸ್ಪತ್ರೆ.

ಸುದ್ದಿ ಕೇಳಿ ಮೂಡುಬಿದಿರೆಯಿಂದ ನನ್ನ ಗಿರಿಜಕ್ಕ ಮೊದಲ ಬಸ್ಸಿಗೇ ಬಂದಳು. ಅಮ್ಮ ಬೇಗ ತೀರಿಕೊಂಡದ್ದರಿಂದ ನನ್ನನ್ನು ಸಾಕಿದವಳು ಅವಳೇ. ಅಳಲಿಲ್ಲ, ಅಪ್ಪಿಕೊಳ್ಳಲಿಲ್ಲ. ಬಾಗಿಲಲ್ಲೇ ನಿಂತು, "ಸಿಗರೇಟು ಸೇದ್ಬೇಡ ಅಂತ ಎಷ್ಟು ಸಲ ಬಾಯಿ ಬಡ್ಕೊಂಡಿದ್ದೇನೆ, ಪಿ.ಟಿ. ಮಾಷ್ಟ್ರಂತೆ, ನಾಚಿಕೆ ಆಗ್ಬೇಕು ನಿನಗೆ" ಎಂದು ಸರಿಯಾಗಿ ಬೈದು, ಆಮೇಲೆ ಒಳಗೆ ಹೋಗಿ ನನಗೆ ಗಂಜಿ ಬಡಿಸಿದಳು. ಆಸ್ಪತ್ರೆಗೆ ಹೋಗುವ ಪ್ರತಿ ದಿನವೂ ತಾನು ಬರುತ್ತೇನೆ ಎಂದಳು. ಬೇಡ ಎನ್ನುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಪ್ರಶ್ನೆ ಇಡುವ ಕ್ರಮ ಉಂಟು. ಮನೆಯಲ್ಲಿ ಏನೋ ಸರಿ ಇಲ್ಲ ಎಂದಾದರೆ ಜೋಯಿಸರನ್ನು ಕರೆಸಿ, ಕವಡೆ ಹಾಕಿಸಿ, ಏನು ದೋಷ ಎಂದು ಕೇಳುವುದು. ಅಲ್ಲಿ ಕೂತವರು ಬಾಯಿ ಬಿಡಬಾರದು. ನಾವು ವಿಷಯ ಹೇಳಿಬಿಟ್ಟರೆ ಅದನ್ನೇ ತಿರುಗಿಸಿ ನಮಗೆ ಹೇಳುತ್ತಾರೆ, ಅದರಲ್ಲಿ ಏನು ದೊಡ್ಡಸ್ತಿಕೆ? ಅವರಾಗಿಯೇ ಹೇಳಬೇಕು. ಹೇಳಿದರೆ ಆಮೇಲೆ ಊರಿಡೀ ಹೊಗಳುವುದೂ ಹಾಗೆಯೇ: "ನಾವು ಏನೂ ಹೇಳ್ಲಿಲ್ಲ ಮಾರಾಯ, ಎಲ್ಲ ಅವರೇ ಹೇಳಿದ್ದು!" ಒಮ್ಮೆ ನಮ್ಮ ಸೋದರಮಾವ ತಡೆಯಲಾರದೆ ಹಳೆ ಬಾವಿ ಮುಚ್ಚಿದ ಸಂಗತಿ ನಡುವೆ ಹೇಳಿಬಿಟ್ಟರು. ಪ್ರಶ್ನೆ ಕೆಟ್ಟಿತು ಎಂದು ಅಕ್ಕ ಅವರ ಹತ್ತಿರ ತುಂಬ ಕಾಲ ಮಾತಾಡಿರಲಿಲ್ಲ.

ಮಂಗಳೂರಿನ ಆಸ್ಪತ್ರೆಯಲ್ಲಿ ಕಾಯುವ ಕೋಣೆಯ ಗೋಡೆಗೆ ಒಂದು ಬೋರ್ಡು ಹಾಕಿದ್ದರು. ಸ್ಕ್ಯಾನ್ ಚಿತ್ರಗಳನ್ನು ಓದಲು ಇಲ್ಲಿ ಎಐ, ಅಂದರೆ ಕೃತಕ ಬುದ್ಧಿಮತ್ತೆ ಇರುವ ಕಂಪ್ಯೂಟರಿನ ಸಹಾಯ ಪಡೆಯುತ್ತೇವೆ ಎಂದು. ಅಕ್ಕ ಕನ್ನಡಕ ಹಾಕಿ ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು.

"ಇದು ಚಿತ್ರ ನೋಡಿ ತಾನೇ ಹೇಳ್ತದಾ?" ಎಂದು ನನ್ನನ್ನು ಕೇಳಿದಳು.

"ಹಾಗೆ ಕಾಣ್ತದೆ."

"ಹಾಗಾದ್ರೆ ನೀನು ಬಾಯಿ ಮುಚ್ಚಿ ಕೂತ್ಕೋ. ಏನೂ ಹೇಳ್ಲಿಕ್ಕೆ ಹೋಗ್ಬೇಡ. ಅದೇ ಹೇಳ್ಲಿ, ಆಗ ನಂಬುವ."

ನಾನು ಬಿ.ಪಿ.ಎಡ್. ಓದಿದವನು. ಮಕ್ಕಳಿಗೆ ಎಲುಬು, ಸ್ನಾಯು ಎಲ್ಲ ಬೋರ್ಡಿನಲ್ಲಿ ಬರೆದು ಕಲಿಸಿದವನು. ಆದರೂ ಅವಳ ಮಾತು ಸರಿ ಎಂದೇ ನನಗೆ ಕಂಡಿತು. ಹೆದರಿದ ಮನುಷ್ಯ ತನಗೆ ಗೊತ್ತಿರುವ ಕ್ರಮವನ್ನೇ ಹಿಡಿದುಕೊಳ್ಳುತ್ತಾನೆ.

ಡಾಕ್ಟರಮ್ಮ ಒಳ್ಳೆಯವರು, ಮಾತು ಚುರುಕು. ಸಿಗರೇಟು ಉಂಟಾ ಎಂದು ಕೇಳಿದರು. ಉಂಟು ಎಂದೆ, ಅದು ಹೇಗೂ ವಾಸನೆಯಲ್ಲೇ ಗೊತ್ತಾಗುತ್ತಿತ್ತು. "ಕುತ್ತಿಗೆಗೆ ಹಿಂದೆ ಯಾವಾಗ್ಲಾದ್ರೂ ಪೆಟ್ಟು ಬಿದ್ದದ್ದು, ಆಪರೇಷನ್ ಆದದ್ದು ಉಂಟಾ?" ಎಂದು ಕೇಳಿದರು. ನಾನು ಅಕ್ಕನ ಮುಖ ನೋಡಿದೆ. ಅಕ್ಕ ಗೋಡೆ ನೋಡಿದಳು.

"ಇಲ್ಲ ಡಾಕ್ಟ್ರೇ," ಎಂದೆ.

ಉಂಟು. ಕಾಲೇಜಿನ ದಿನಗಳಲ್ಲಿ ಮೂಡುಬಿದಿರೆಯ ಒಂದು ಪಂದ್ಯಾಟದಲ್ಲಿ ನಾನು ರೈಡಿಗೆ ಹೋಗಿದ್ದಾಗ ಹಿಡಿಯಲು ಬಂದವನ ಮೊಣಕೈ ಸೀದಾ ಗಂಟಲಮಣಿಯ ಬಲಬದಿಗೆ ಬಿತ್ತು. ಒಳಗೆ ಏನೋ ಟಕ್ ಎಂದಿತು. ಆಮೇಲೆ ಎಷ್ಟೋ ದಿನ ಸ್ವರವೇ ಇರಲಿಲ್ಲ. ಅಕ್ಕ ನನ್ನನ್ನು ನಾಟಿ ವೈದ್ಯರ ಹತ್ತಿರ ಕರೆದೊಯ್ದು ಎಣ್ಣೆ, ಸೊಪ್ಪಿನ ಲೇಪ ಹಾಕಿಸಿ, ಗಂಜಿತಿಳಿ ಕುಡಿಸಿ ಎಬ್ಬಿಸಿದ್ದಳು. ಎಕ್ಸ್‌ರೇ ಗಿಕ್ಸ್‌ರೇ ಏನೂ ತೆಗೆಸಿರಲಿಲ್ಲ. ಈ ಸಂಗತಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಶಶಿಗೂ ಹೇಳಿರಲಿಲ್ಲ. ಕಬಡ್ಡಿಯಲ್ಲಿ ಪೆಟ್ಟು ಬೀಳದವರು ಯಾರು?

ಸ್ಕ್ಯಾನ್ ಆಯಿತು. ಎರಡನೇ ಸಲ ಹೋದಾಗ ಡಾಕ್ಟರಮ್ಮ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ಗಡ್ಡೆ ಸ್ವರ ಬರುವ ಜಾಗದಲ್ಲಿ ಉಂಟು. ಅದು ಹೊರಗಿನ ಮೆದು ಎಲುಬಿಗೂ ತಗಲಿದ ಹಾಗೆ ಸ್ಕ್ಯಾನಿನಲ್ಲಿ ಕಾಣುತ್ತದೆ. ಎಲುಬಿಗೆ ತಗಲಿದ್ದರೆ ರೇಡಿಯೇಶನ್ ನಂಬಿ ಕೂರಲು ಆಗುವುದಿಲ್ಲ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು ಇಡುತ್ತಾರೆ. ಅವರು ಇನ್ನೂ ಏನೇನೋ ಸಮಾಧಾನದಿಂದ ಹೇಳಿದರು. ನನಗೆ ಕೇಳಿದ್ದು "ತೆಗೆಯಬೇಕು" ಎಂಬ ಒಂದೇ ಶಬ್ದ.

ಹಿಂದೆ ಬರುವಾಗ ಬಸ್ಸಿನಲ್ಲಿ ಶಶಿ ಕಿಟಕಿಯ ಕಡೆ ತಿರುಗಿ ಅತ್ತಳು. ನನಗೆ ಬಂದದ್ದು ಸಿಟ್ಟು. ದೇವರ ಮೇಲೆ, ಸಿಗರೇಟಿನ ಮೇಲೆ, ಆ ಬಸ್ಸಿನಲ್ಲಿ ಜೋರಾಗಿ ಕೂಗುತ್ತಿದ್ದ ಕಂಡಕ್ಟರನ ಮೇಲೂ. ಅವನಿಗೆ ಎಷ್ಟು ಒಳ್ಳೆಯ ಸ್ವರ, ಹಾಳಾದವನಿಗೆ!

ಸಿಟ್ಟು ಇಳಿಯುವುದಕ್ಕೆ ಕಾರಣ ಅಬೂಬಕ್ಕರ್ ಕಾಕ. ಆಪರೇಷನ್ನಿಗೆ ಮುಂಚಿನ ರಕ್ತಪರೀಕ್ಷೆಗೆ ಕಾಯುವಾಗ ಪಕ್ಕದಲ್ಲಿ ಕೂತಿದ್ದರು. ಮೆಲ್ಕಾರಿನವರು, ವಯಸ್ಸಾದವರು, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡಿದ್ದರು. ನನ್ನನ್ನು ನೋಡಿ ಬಟ್ಟೆಯ ಮೇಲೆ ಬೆರಳು ಒತ್ತಿ ಹಿಡಿದು ಗರಗರ ಸ್ವರದಲ್ಲಿ ಕೇಳಿದರು. "ನೀವು ಕಬಡ್ಡಿ ಮಾಷ್ಟ್ರಲ್ವಾ? ನಿಮ್ಮ ಕಮೆಂಟ್ರಿ ಕೇಳಿದ್ದೇನೆ ನಾನು."

ಅವರಿಗೂ ಧ್ವನಿಪೆಟ್ಟಿಗೆ ತೆಗೆದಾಗಿತ್ತು; ಬಟ್ಟೆಯ ಅಡಿಯ ತೂತನ್ನು ಬೆರಳಿನಿಂದ ಮುಚ್ಚಿದರೆ ಒಳಗೆ ಕೂರಿಸಿದ ಒಂದು ವಾಲ್ವಿನಿಂದ ಅಷ್ಟು ಸ್ವರ ಬರುತ್ತಿತ್ತು. ನನ್ನ ಕಣ್ಣು ಅವರ ಬೆರಳಿನಿಂದ ಏಳಲಿಲ್ಲ. ಅವರಿಗೆ ಅರ್ಥವಾಯಿತು.

"ಹೆದರ್ಬೇಡಿ. ಎಲ್ಲ ಆಗ್ತದೆ. ಊಟ ಆಗ್ತದೆ, ನಿದ್ದೆ ಆಗ್ತದೆ, ಹೆಂಡತಿಗೆ ಜೋರು ಮಾಡ್ಲಿಕ್ಕೂ ಆಗ್ತದೆ. ಒಂದೇ ಬೇಜಾರು, ಚಾ ಊದಿ ಕುಡೀಲಿಕ್ಕೆ ಆಗುದಿಲ್ಲ. ಊದ್ಲಿಕ್ಕೆ ಉಸಿರು ಬಾಯಿಗೆ ಬರ್ಬೇಕಲ್ಲ ಮಾರಾಯ್ರೇ."

ಅವರು ನಕ್ಕರು. ನಾನೂ ನಕ್ಕೆ. ಆಮೇಲೆ ನನ್ನ ಕೈ ಅಂಗಿಯ ಕಿಸೆಗೆ ಹೋಯಿತು, ಅಲ್ಲಿ ಯಾವಾಗಲೂ ಇರುವ ಸೀಟಿಗೆ. ಮೈಕ್ ಹೋದರೆ ಸೀಟಿಯಾದರೂ ಉಂಟಲ್ಲ ಎಂದುಕೊಂಡಿದ್ದೆ. ಅದೂ ಇಲ್ಲ.

ಆದರೆ ಅವತ್ತೇ ಗಟ್ಟಿ ಮಾಡಿಕೊಂಡೆ. ಸ್ವರ ಹೋದರೆ ಹೋಗಲಿ, ಜೀವ ಇರಲಿ. ಕಾಕ ಬದುಕಿಲ್ಲವಾ? ಮನೆಗೆ ಬಂದು ಹೇಳಿದಾಗ ಶಶಿ ಮೊಬೈಲ್ ತಂದು ಎದುರಿಗೆ ಇಟ್ಟಳು. "ಏನಾದ್ರೂ ಮಾತಾಡಿ ಇಡಿ. ನಂಗೆ ಬೇಕು," ಎಂದಳು. ಗಂಟೆಗಟ್ಟಲೆ ಉಸಿರು ಬಿಡದೆ ಮಾತಾಡುವವನಿಗೆ ಒಂದು ಮಾತೂ ಹೊಳೆಯಲಿಲ್ಲ. ಕೊನೆಗೆ, ದಿನಾ ಸಂಜೆ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತ ಕೂಗುವುದನ್ನೇ ಕೂಗಿದೆ: "ಶಶೀ, ಚಾ ಆಯ್ತಾ?" ಅವಳು ಅದನ್ನು ಸೇವ್ ಮಾಡಿ, ಮೊಬೈಲ್ ಎದೆಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು.

ಆಪರೇಷನ್ನಿಗೆ ಒಪ್ಪಿಗೆ ಸಹಿ ಹಾಕುವ ದಿನ ಡಾಕ್ಟರಮ್ಮ ನಮ್ಮನ್ನು ಕಂಪ್ಯೂಟರಿನ ಎದುರು ಕೂರಿಸಿದರು. ಏನು ತೆಗೆಯುತ್ತೇವೆ, ಎಲ್ಲಿ ತೆಗೆಯುತ್ತೇವೆ ಎಂದು ನೀವು ಕಣ್ಣಾರೆ ನೋಡಬೇಕು ಎಂದರು. ಪರದೆಯ ಮೇಲೆ ನನ್ನ ಕುತ್ತಿಗೆ, ಕಪ್ಪು ಬಿಳುಪಿನಲ್ಲಿ, ಬಾಳೆದಿಂಡಿನ ಹೋಳಿನಂತೆ. ಒಳಗೆ ಹಳದಿ ಬಣ್ಣದ್ದು ಗಡ್ಡೆ. ಅದರ ಪಕ್ಕದಲ್ಲಿ, ಬಲಬದಿಗೆ, ಎಲುಬಿನ ಮೇಲೆ ಒಂದು ಕೆಂಪು ಗುರುತು.

"ಇದು ಎಐ ಹಾಕಿದ ಗುರುತು. ಎಲುಬು ಇಲ್ಲಿ ಒಡೆದಿದೆ ಅಂತ ಹೇಳ್ತದೆ. ನಮ್ಮ ಸ್ಕ್ಯಾನ್ ಡಾಕ್ಟ್ರಿಗೂ ಹಾಗೇ ಕಂಡದ್ದು."

ಅಕ್ಕ ಕನ್ನಡಕ ಹಾಕಿಕೊಂಡು ಬಗ್ಗಿದಳು. ನನ್ನ ಗಂಟಲಿನ ಬಲಬದಿ ನೋಡಿದಳು, ಪರದೆ ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಆಮೇಲೆ ಎರಡೂ ಕೈ ಮುಗಿದಳು.

"ಅಯ್ಯೋ ದೇವರೇ! ನೋಡಿದ್ಯಾ ಸದಾ, ನೋಡಿದ್ಯಾ? ನಾವು ಏನೂ ಹೇಳ್ಲಿಲ್ಲ, ಅದೇ ಹೇಳಿತು! ಕಬಡ್ಡಿಯ ಪೆಟ್ಟು ಸಹ ಹಿಡಿದಿದೆ! ಆವತ್ತು ಮೊಣಕೈ ಬಿದ್ದದ್ದು ಸರಿಯಾಗಿ ಇದೇ ಜಾಗಕ್ಕೆ!"

ಡಾಕ್ಟರಮ್ಮ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ಯಾವ ಪೆಟ್ಟು?"

ಅಕ್ಕ ಭಕ್ತಿಯಿಂದ ಎಲ್ಲ ಹೇಳಿದಳು. ಮೂಡುಬಿದಿರೆಯ ಪಂದ್ಯಾಟ, ಟಕ್ ಎಂದದ್ದು, ಎಣ್ಣೆ, ಸೊಪ್ಪು, ಗಂಜಿತಿಳಿ. ಹೇಳಹೇಳುತ್ತ ಡಾಕ್ಟರಮ್ಮನ ಮುಖ ನೋಡಿ ಅವಳ ಸ್ವರ ಸಣ್ಣದಾಯಿತು.

"ನಾನು ಕೇಳಿದ್ದೆ," ಎಂದರು ಡಾಕ್ಟರಮ್ಮ ನನ್ನ ಕಡೆ ತಿರುಗಿ. "ಪೆಟ್ಟು ಬಿದ್ದದ್ದು ಉಂಟಾ ಅಂತ ನಾನೇ ಕೇಳಿದ್ದೆ. ನೀವು ಇಲ್ಲ ಅಂದ್ರಿ. ಯಾಕೆ?"

"ಅದೇ ಹೇಳ್ಲಿ ಅಂತ," ಎಂದೆ. ಮೈದಾನದ ನಡುವೆ ಚಡ್ಡಿ ಜಾರಿದವನ ಹಾಗಾಯಿತು ನನಗೆ.

"ಮಾಷ್ಟ್ರೇ, ಇದು ಸಾವಿರಾರು ಜನರ ಸ್ಕ್ಯಾನ್ ನೋಡಿ ಕಲಿತದ್ದು. ನಮ್ಮ ಕಣ್ಣಿಗೆ ತಪ್ಪುದನ್ನು ಸಹ ಹಿಡೀತದೆ. ಆದರೆ ಅದು ಚಿತ್ರ ಮಾತ್ರ ನೋಡುದು. ನಿಮ್ಮ ಕಬಡ್ಡಿ ಅದಕ್ಕೆ ಗೊತ್ತಿಲ್ಲ. ಎಲುಬು ಒಡೆದದ್ದು ಕಂಡಿತು, ಪಕ್ಕದಲ್ಲಿ ಗಡ್ಡೆ ಕಂಡಿತು, ಗಡ್ಡೆಯೇ ಒಡೆದದ್ದು ಅಂತ ಹೇಳಿತು. ನೀವು ಹೇಳದ್ದರಿಂದ ನಾವೂ ಹಾಗೇ ಓದಿದೆವು." ನನ್ನ ಗಂಟಲಿನ ಕಡೆ ಕೈ ತೋರಿಸಿ, "ನಾನು ನಾಳೆ ಇದಕ್ಕೆ ಕತ್ತರಿ ಹಾಕ್ಲಿಕ್ಕೆ ಇದ್ದೆ, ಗೊತ್ತುಂಟಾ?" ಎಂದರು.

ಶಶಿ ನನ್ನ ಕಡೆ ತಿರುಗಿ ನೋಡಿದಳು. ನಮ್ಮ ಮದುವೆಯಾದಂದಿನಿಂದ ಹಾಗೆ ನೋಡಿದ್ದಿಲ್ಲ. "ನಂಗೂ ಹೇಳ್ಲಿಲ್ಲ ನೀವು," ಎಂದಳು ಅಷ್ಟೆ. ಸಹಿ ಹಾಕುವ ಕಾಗದವನ್ನು ಡಾಕ್ಟರಮ್ಮ ತೆಗೆದು ಒಳಗಿಟ್ಟರು.

ಮತ್ತೆ ಪರೀಕ್ಷೆಗಳು. ಈ ಸಲ ಎಂ.ಆರ್.ಐ., ಮತ್ತೊಮ್ಮೆ ಕ್ಯಾಮೆರಾ. ಎಂ.ಆರ್.ಐ.ಯ ಗುಹೆಯಂಥ ಕೊಳವೆಯೊಳಗೆ ಮಲಗಿ ಟಕಟಕ ಸದ್ದು ಕೇಳುತ್ತ, ಆ ಕೆಂಪು ಗುರುತು ಪೆಟ್ಟಿನದೇ ಆಗಿರಲಪ್ಪ ಎಂದು ಬೇಡಿಕೊಂಡೆ. ನನ್ನ ಗಂಟಲು ಮುರಿದವನ ಮುಖವೂ ನೆನಪಿಲ್ಲ. ಅವನಿಗೂ ಅವತ್ತು ಒಂದು ನಮಸ್ಕಾರ ಹಾಕಿದೆ. ಆದರೆ ಕಾಯುವ ದಿನಗಳು ಸುಲಭದ್ದಾಗಿರಲಿಲ್ಲ. ಸ್ವರವನ್ನು ಕಳಿಸಿಕೊಡಲು ಮನಸ್ಸು ಗಟ್ಟಿಮಾಡಿ ಆಗಿತ್ತು. ಈಗ ಆಸೆ ಹುಟ್ಟಿತು. ಆಸೆ ಹುಟ್ಟಿದ ಮೇಲೆ ಹೆದರಿಕೆ ಎರಡು ಪಾಲಾಯಿತು. ಅಕ್ಕ ಮೂಡುಬಿದಿರೆಗೆ ಹೋಗಿ ಫೋನು ಮಾಡಲೇ ಇಲ್ಲ. ಶಶಿ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದಳು.

ಎಲ್ಲ ಡಾಕ್ಟರರೂ ಸೇರಿ ಮತ್ತೆ ಕೂತು ನೋಡಿದರಂತೆ. ಡಾಕ್ಟರಮ್ಮ ಕರೆದು ಹೇಳಿದರು. ಎಲುಬಿನದ್ದು ಹಳೆ ಮುರಿತ, ವಕ್ರವಾಗಿ ಕೂಡಿದ್ದು. ಗಡ್ಡೆ ಅದರ ಹತ್ತಿರ ಉಂಟು, ಅದಕ್ಕೆ ತಗಲಿದ ಹಾಗೆ ಕಾಣುವುದಿಲ್ಲ. ಹಾಗಾಗಿ ರೇಡಿಯೇಶನ್, ಕಿಮೋ ಎರಡೂ ಕೊಟ್ಟು ಧ್ವನಿಪೆಟ್ಟಿಗೆ ಉಳಿಸಲು ನೋಡಬಹುದು. "ಆದರೆ ನೂರಕ್ಕೆ ನೂರು ಅಂತ ನಾನೂ ಹೇಳುದಿಲ್ಲ, ಅದೂ ಹೇಳುದಿಲ್ಲ. ಗಡ್ಡೆ ಕರಗದಿದ್ದರೆ ಆಪರೇಷನ್ ಆಗ್ಲೇಬೇಕು, ಆಗ ಅದು ಇನ್ನೂ ಕಷ್ಟ. ನಿರ್ಧಾರ ನಿಮ್ಮದು."

ನಾನು ಶಶಿಯನ್ನು ನೋಡಿದೆ. "ನಾನು ಹೇಳುದಾ?" ಎಂದಳು.

"ಹೇಳು."

"ನಂಗೆ ಮೊಬೈಲಿನಲ್ಲಿ ಉಂಟು ನಿಮ್ಮ ಸ್ವರ. ಅದು ಸಾಕು, ನೀವು ಇದ್ರೆ. ಆದರೆ ಅದು ಇಲ್ಲದೆ ನೀವು ಹೇಗೆ ಇರ್ತೀರಿ ಅಂತ ನಂಗೆ ಹೆದರಿಕೆ. ನೋಡುವ. ರೇಡಿಯೇಶನ್ ಮಾಡುವ."

ಮಾಡಿದೆವು. ಅದರ ಕಷ್ಟ ಎಲ್ಲ ಬರೆದರೆ ಓದುವವರು ಹೆದರಿಯಾರು. ಆದರೂ ಸುಳ್ಳು ಹೇಳುವುದಿಲ್ಲ, ಕಷ್ಟವೇ. ಮುಖಕ್ಕೆ ಬಲೆಯಂಥ ಮುಖವಾಡ ಬಿಗಿದು ಮೇಜಿಗೆ ಸಿಕ್ಕಿಸುತ್ತಾರೆ, ಒಂದು ಚೂರು ಅಲುಗಾಡುವ ಹಾಗಿಲ್ಲ. ನಾನು ಮನಸ್ಸಿನಲ್ಲಿ ರೈಡಿಗೆ ಹೋಗುತ್ತಿದ್ದೆ. ಕಬಡ್ಡಿ, ಕಬಡ್ಡಿ, ಕಬಡ್ಡಿ, ಯಂತ್ರ ನಿಂತಾಗ ಗೆರೆ ಮುಟ್ಟಿ ವಾಪಸ್. ಗಂಟಲು ಸುಟ್ಟು ನೀರು ಇಳಿಯುವುದೂ ಕಷ್ಟವಾಯಿತು. ನಾಲಗೆಗೆ ಎಲ್ಲವೂ ಮಣ್ಣು. ಶಶಿ ಗಂಜಿಯನ್ನು ಸೋಸಿ, ಆರಿಸಿ, ಚಮಚದಲ್ಲಿ ಕೊಟ್ಟು, ನಾನು ಉಗಿದರೆ ಒರೆಸಿ ಮತ್ತೆ ಕೊಟ್ಟಳು. ಒಂದು ಸಲ ಸಾಕು ಬಿಡು ಎಂದು ಕೈಯಲ್ಲೇ ಸನ್ನೆ ಮಾಡಿದೆ. "ಎಂತ ಸಾಕು? ನಿಮ್ಮ ಶಾಲೆಯ ಮಕ್ಕಳು ಹಾಗೆ ಹೇಳಿದ್ರೆ ಮೈದಾನಕ್ಕೆ ಸುತ್ತು ಹಾಕಿಸ್ತೀರಿ. ಬಾಯಿ ತೆಗೀರಿ," ಎಂದಳು. ತೆಗೆದೆ.

ತಪ್ಪು ಗುರುತು ಹಾಕಿತು ಎಂದು ಆ ಕಂಪ್ಯೂಟರಿನ ಮೇಲೆ ನನಗೆ ಒಳಗೊಳಗೇ ಇದ್ದ ಸಿಟ್ಟೂ ಆಗಲೇ ಇಳಿದದ್ದು. ಕಿರಣ ಎಲ್ಲಿ ಬೀಳಬೇಕು, ಜೊಲ್ಲಿನ ಗ್ರಂಥಿ, ಬೆನ್ನಹುರಿಗೆ ಎಲ್ಲಿ ತಗಲಬಾರದು ಎಂದು ಮೊದಲು ಗೆರೆ ಎಳೆಯುವುದು ಅದೇ. ರೇಡಿಯೇಶನ್ನಿನ ಡಾಕ್ಟರರು ಆ ಗೆರೆಗಳನ್ನು ಒಂದೊಂದಾಗಿ ನೋಡಿ ತಿದ್ದುತ್ತಿದ್ದರು. ನಡುವೆ ಇನ್ನೊಂದು ಸ್ಕ್ಯಾನ್ ಮಾಡಿ, ಗಡ್ಡೆ ಸಣ್ಣದಾದದ್ದನ್ನು ತೋರಿಸಿ, ಗೆರೆಗಳನ್ನು ಹೊಸದಾಗಿ ಎಳೆದರು. ಇವತ್ತು ನಾನು ಒಣ ಚಪಾತಿ ನುಂಗುತ್ತಿದ್ದರೆ ಆ ಗೆರೆಗಳ ಉಪಕಾರವೂ ಅದರಲ್ಲಿ ಉಂಟು.

ಅಕ್ಕ ಬಂದದ್ದು ರೇಡಿಯೇಶನ್ ಅರ್ಧ ಆದ ಮೇಲೆ. ಕಾಯುವ ಕೋಣೆಯಲ್ಲಿ ನನ್ನ ಪಕ್ಕ ಬಂದು ಕೂತಳು. ಬೋರ್ಡಿನ ಕಡೆ ನೋಡಲಿಲ್ಲ. "ನಾನು ನಿನ್ನ ಸ್ವರ ತೆಗೆಸ್ಲಿಕ್ಕೆ ಇದ್ದೆ," ಎಂದಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಅಮ್ಮ ಹೋದಾಗಲೂ ಅಕ್ಕ ನಮ್ಮೆದುರು ಅತ್ತವಳಲ್ಲ. ಮಾತಾಡಲು ನನ್ನಿಂದ ಆಗುತ್ತಿರಲಿಲ್ಲ. ಅವಳ ಕೈ ಹಿಡಿದು ನನ್ನ ಗಂಟಲಿನ ಬಲಬದಿಯ ಮೇಲೆ ಇಟ್ಟುಕೊಂಡೆ. ಉಳಿಸಿದವಳೂ ಅವಳೇ, ಅವಳು ಬಾಯಿ ಬಿಡದಿದ್ದರೆ ನಾನು ಸಹಿ ಹಾಕಿಯೇ ಬಿಡುತ್ತಿದ್ದೆ. ಎದುರು ಸಾಲಿನಲ್ಲಿ ಕೂತಿದ್ದ ಅಬೂಬಕ್ಕರ್ ಕಾಕ ಎಲ್ಲ ನೋಡುತ್ತಿದ್ದರು. ನನ್ನ ಸ್ವರ ಉಳಿಯಬಹುದು ಎಂದು ಶಶಿ ಅವರಿಗೆ ಹೇಳಿದಳು. ಕಾಕ ಎದ್ದು ಬಂದು ನನ್ನ ಭುಜ ತಟ್ಟಿ, ಬಟ್ಟೆಯ ಮೇಲೆ ಬೆರಳೊತ್ತಿ, "ಒಳ್ಳೇದಾಯ್ತು. ನನ್ನ ಪಾಲಿನದ್ದೂ ನೀವೇ ಮಾತಾಡಿ," ಎಂದರು.

ಚಿಕಿತ್ಸೆ ಮುಗಿದ ಮೇಲೂ ನಾನು ಜೋರಾಗಿ ಮಾತಾಡಿ ನೋಡಲಿಲ್ಲ. ಡಾಕ್ಟರಮ್ಮ ಸ್ವಲ್ಪ ಸ್ವಲ್ಪ ಮಾತಾಡಬಹುದು ಎಂದಿದ್ದರು. ನನಗೇ ಹೆದರಿಕೆ. ಕೂಗಿ, ಸ್ವರ ಬಾರದಿದ್ದರೆ? ಗಡ್ಡೆ ಕರಗದೆ ಉಳಿದಿದ್ದರೆ? ಶಾಲೆಯಲ್ಲಿ ಕೈಸನ್ನೆ, ಮನೆಯಲ್ಲಿ ಒಂದೆರಡು ಸಣ್ಣ ಮಾತು. ಶಶಿ ಎಷ್ಟೋ ವರ್ಷ ಬಯಸಿದ ಸಣ್ಣ ಸ್ವರ ಅವಳಿಗೆ ಸಿಕ್ಕಿತ್ತು. ಅವಳಿಗೆ ಅದು ಬೇಡವಾಗಿತ್ತು. ಕೆಲವು ತಿಂಗಳು ಹಾಗೆಯೇ ಕಳೆದ ಮೇಲೆ ಕೊನೆಯ ಸ್ಕ್ಯಾನ್ ಬಂತು. ಉಳಿಯಿತೋ, ಆಪರೇಷನ್ನೋ ಎಂದು ತೀರ್ಮಾನವಾಗುವುದು ಅದರಲ್ಲೇ.

ಅವತ್ತು ಸ್ಕ್ಯಾನಿಗೆ ಮುಂಚೆ ಹೊಸ ನರ್ಸ್ ಒಬ್ಬಳು ರೂಢಿಯಂತೆ ಕೇಳಿದಳು, ಹಿಂದೆ ಏನಾದರೂ ಪೆಟ್ಟು, ಕಾಯಿಲೆ? ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಶುರು ಮಾಡಿದಳು. ಸಣ್ಣದಿರುವಾಗ ಕಾಮಾಲೆ, ಪೇರಳೆ ಮರದಿಂದ ಬಿದ್ದದ್ದು, ನಾಯಿ ಕಚ್ಚಿದ್ದು, ಮೊಣಕೈ ಪೆಟ್ಟು, ಮದುವೆಯ ಹಿಂದಿನ ದಿನ ಹೊಟ್ಟೆ ಕೆಟ್ಟದ್ದು. ನರ್ಸ್ ಬರೆಯುವುದು ನಿಲ್ಲಿಸಿದರೂ ಅಕ್ಕ ನಿಲ್ಲಿಸಲಿಲ್ಲ.

ಸಂಜೆ ಡಾಕ್ಟರಮ್ಮ ಕೋಣೆಯ ಬಾಗಿಲು ಹಾಕಿ ಪರದೆ ನಮ್ಮ ಕಡೆ ತಿರುಗಿಸಿದರು. ಶಶಿಗೆ ನೋಡಲು ಧೈರ್ಯ ಸಾಲದೆ ಹೊರಗೆ ಬೆಂಚಿನ ಮೇಲೆ ಉಳಿದಿದ್ದಳು. ಮತ್ತೆ ಅದೇ ಬಾಳೆದಿಂಡಿನ ಹೋಳು. ಬಲಬದಿಗೆ ವಕ್ರ ಎಲುಬು ಕಾಣುತ್ತಿತ್ತು, ಹಾಗೆಯೇ ಬಿಳಿಯಾಗಿ. ಹಳದಿ ಎಲ್ಲೂ ಇರಲಿಲ್ಲ. ಕೆಂಪೂ ಇರಲಿಲ್ಲ.

ಅಕ್ಕ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡಳು. "ಡಾಕ್ಟ್ರೇ, ಅದು ಎಂತ ಹೇಳ್ತದೆ?"

"ಏನೂ ಹೇಳ್ತಾ ಇಲ್ಲ ಗಿರಿಜಮ್ಮ. ನಮ್ಮ ಕಣ್ಣಿಗೂ ಏನೂ ಕಾಣ್ತಾ ಇಲ್ಲ. ಗಂಟಲು ಸ್ವಚ್ಛ ಉಂಟು."

ಅಕ್ಕ ನನ್ನ ಕಡೆ ತಿರುಗಿದಳು.

"ಅದಕ್ಕೆ ಹೇಳ್ಲಿಕ್ಕೆ ಏನೂ ಇಲ್ಲದಿದ್ರೆ ಇನ್ನು ನೀನು ಹೇಳು ಮಾರಾಯ."

ನಾನು ಉಸಿರೆಳೆದುಕೊಂಡೆ. ಮೈದಾನದಲ್ಲಿ ನಿಂತಂತೆ ಕಾಲು ಅಗಲ ಮಾಡಿ ನಿಂತು, ಎಷ್ಟು ಉಂಟೋ ಅಷ್ಟನ್ನೂ ಹಾಕಿ ಕೂಗಿದೆ.

"ಶಶೀ, ಚಾ ಆಯ್ತಾ?"

ಒಡಕು ಸ್ವರ, ಅರ್ಧ ಗಾಳಿ. ಮುಚ್ಚಿದ ಬಾಗಿಲಿನ ಆಚೆ, ಹೊರಗಿನ ಬೆಂಚಿನಿಂದ ಶಶಿ, ಜೀವಮಾನದಲ್ಲಿ ಮೊದಲ ಸಲ, ನನಗಿಂತ ಜೋರಾಗಿ ಕೂಗಿದಳು: "ಆಯ್ತು, ಬನ್ನಿ!"